ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದ ಆರ್‌ಎಕ್ಸ್ 100: ಗಾಳಿ ಎಲ್ಲಿಂದ ಹಿಡಿಯುತ್ತಿದೆ?

ಬೆಳಿಗ್ಗೆ ಒಂದೇ ಕಿಕ್ಕಿಗೆ ಸ್ಟಾರ್ಟ್. ಐಡ್ಲಿಂಗ್ ಸರಿಯಾಗಿರುತ್ತದೆ. ತೋಟದ ಗೇಟು ದಾಟುವವರೆಗೆ ಯಾವ ತಕರಾರೂ ಇಲ್ಲ. ಇಂಜಿನ್ ಕಾದ ಮೇಲೆ ಶುರುವಾಗುತ್ತದೆ ಆಟ. ಆಕ್ಸಿಲರೇಟರ್ ಬಿಟ್ಟರೆ ರೇಸ್ ತಕ್ಷಣ ಇಳಿಯುವುದಿಲ್ಲ. ಮೇಲೆಯೇ ನಿಂತು, ಸ್ವಲ್ಪ ಯೋಚನೆ ಮಾಡಿ, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತದೆ. ಐಡ್ಲಿಂಗ್ ಸ್ಕ್ರೂ ಪೂರ್ತಿ ಬಿಚ್ಚಿದರೂ ಗಾಡಿ ಆಫ್ ಆಗುವುದಿಲ್ಲ. ಏರಿನಲ್ಲಿ ಮೂರನೇ ಗೇರಿನಲ್ಲಿ ಎಳೆಯುವಾಗ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕಿಟಿಕಿಟಿ ಸದ್ದು.

ಹೀಗೇ ಒಂದು ತಿಂಗಳು ತಳ್ಳಿದೆ. ಕೊನೆಗೆ ಒಂದು ಮಧ್ಯಾಹ್ನ ಚಾರ್ಮಾಡಿ ಘಾಟಿ ಹತ್ತಿ, ಕೊಟ್ಟಿಗೆಹಾರ ಇನ್ನೇನು ಬಂತು ಅನ್ನುವಾಗ ಆಕ್ಸಿಲರೇಟರ್ ಬಿಟ್ಟೆ. ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು, ಹಿಂದಿನ ಚಕ್ರ ಕಿರ್ರ್ ಅಂತ ಎಳೆದುಕೊಂಡು ನಿಂತಿತು. ಸೀಜ್. ಟು ಸ್ಟ್ರೋಕ್ ಓಡಿಸುವವರಿಗೆ ಕ್ಲಚ್ ಮೇಲೆ ಎರಡು ಬೆರಳು ಇಟ್ಟುಕೊಂಡಿರುವುದು ಅಭ್ಯಾಸ, ಹಾಗಾಗಿ ಬೀಳಲಿಲ್ಲ. ಹದಿನೈದು ನಿಮಿಷ ಬಿಟ್ಟು ಕಿಕ್ ಮೇಲೆ ಮೆಲ್ಲಗೆ ಭಾರ ಹಾಕಿದೆ. ಇಳಿಯಿತು. ಸ್ಟಾರ್ಟೂ ಆಯಿತು! ಇದೇ ಅಪಾಯ. ಸ್ಟಾರ್ಟ್ ಆಯಿತಲ್ಲ, ಇನ್ನೇನು ಅಂತ ಮನೆಗೆ ಓಡಿಸಿಕೊಂಡು ಹೋಗಿಬಿಡುತ್ತೇವೆ. ನಾನೂ ಹೋದೆ, ಮೂವತ್ತರ ಸ್ಪೀಡಿನಲ್ಲಿ, ಅರ್ಧ ಚೋಕ್ ಎಳೆದುಕೊಂಡು. ಚೋಕ್ ಎಳೆದಾಗ ಗಾಡಿ ಚೆನ್ನಾಗಿ ಓಡಿತು. ಕಾದ ಇಂಜಿನ್ ಚೋಕಿನಲ್ಲಿ ಚೆನ್ನಾಗಿ ಓಡಿದರೆ ಅದು ದೊಡ್ಡ ಸುಳಿವು. ಒಳಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಗಾಡಿಯೇ ಹೇಳುತ್ತಿದೆ.

ಗಾಡಿ ಯಾವುದು, ಕೆಲಸ ಏನು

1994ರ ಯಮಹಾ ಆರ್‌ಎಕ್ಸ್ 100. ಕಾಗದದ ಮೇಲೆ ಇದು ರೋಡ್ ಬೈಕು. ಕಚ್ಚಾ ದಾರಿಗೂ ಡಾಂಬರಿಗೂ ಸಲ್ಲುವ ಹಗುರ ಟು ಸ್ಟ್ರೋಕ್ ಬೈಕುಗಳನ್ನು ಯಮಹಾ 1968ರಲ್ಲೇ ಡಿಟಿ-1 ಅಂತ ಅಮೆರಿಕದಲ್ಲಿ ಇಳಿಸಿತ್ತು. ನಮ್ಮ ಕಡೆ ಅಂಥದ್ದು ಅಂಗಡಿಯಲ್ಲಿ ಸಿಗಲಿಲ್ಲ. ಹಾಗಾಗಿ ಮಲೆನಾಡಿನಲ್ಲಿ ಆ ಕೆಲಸವನ್ನು ಆರ್‌ಎಕ್ಸ್ ಮತ್ತು ಮೈಸೂರಿನ ಯೆಜ್ಡಿಗಳೇ ಮಾಡಿದವು. ನನ್ನದಕ್ಕೆ ಬಟನ್ ಟೈರು, ಹಿಂದೆ ಎರಡು ಹಲ್ಲು ಜಾಸ್ತಿ ಇರುವ ಸ್ಪ್ರಾಕೆಟ್, ಎತ್ತರಕ್ಕೆ ಕಟ್ಟಿದ ಮುಂದಿನ ಮಡ್‌ಗಾರ್ಡ್. ಇಂಜಿನ್ ಮಾತ್ರ ಕಂಪನಿ ಕೊಟ್ಟಂತೆಯೇ ಇದೆ: 98 ಸಿಸಿ, ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ರೀಡ್ ವಾಲ್ವ್, ಬೇರೆ ಟ್ಯಾಂಕಿನಿಂದ 2ಟಿ ಆಯಿಲ್ (ಪೆಟ್ರೋಲ್ ಜೊತೆಗೇ ಉರಿಯುವ ಟು ಸ್ಟ್ರೋಕ್ ಆಯಿಲ್) ತಳ್ಳುವ ಆಟೋಲ್ಯೂಬ್ ಪಂಪು. ದಿನಾ ಕೆಸರು, ವಾರಕ್ಕೆರಡು ಸಲ ಹಳ್ಳ. ಈ ಹಳ್ಳದ ವಿಷಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಮೊದಲು ಮಾಡಿದ ತಪ್ಪು

ರೇಸ್ ನಿಂತುಕೊಳ್ಳಲು ಶುರುವಾದಾಗ ಎಲ್ಲರೂ ಹೇಳುವ ಮಾತು ಒಂದೇ. ಕಾರ್ಬೊರೇಟರ್ ಕ್ಲೀನ್ ಮಾಡಿಸು. ಮಾಡಿಸಿದೆ. ಎರಡು ದಿನ ಸರಿ ಅನ್ನಿಸಿತು, ಮತ್ತೆ ಅದೇ. ಆಮೇಲೆ ನಾನೇ ಬುದ್ಧಿವಂತಿಕೆ ತೋರಿಸಿ ಮೇನ್ ಜೆಟ್ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ತೂತು) ಎರಡು ಸೈಜ್ ದೊಡ್ಡದು ಹಾಕಿದೆ. ಕಿಟಿಕಿಟಿ ಸದ್ದು ನಿಂತಿತು! ಒಂದು ವಾರ ಖುಷಿಯೋ ಖುಷಿ. ಆದರೆ ಐಡ್ಲಿಂಗ್ ಮಾತ್ರ ಹಾಗೇ ತೇಲುತ್ತಿತ್ತು.

ಮೇನ್ ಜೆಟ್ ಮುಖ್ಯವಾಗಿ ಕೆಲಸ ಮಾಡುವುದು ಆಕ್ಸಿಲರೇಟರ್ ಮುಕ್ಕಾಲಿಗಿಂತ ಮೇಲೆ ತಿರುಗಿಸಿದಾಗ. ಅದನ್ನು ದೊಡ್ಡದು ಮಾಡಿ ಜ್ವರಕ್ಕೆ ಮಾತ್ರೆ ಕೊಟ್ಟ ಹಾಗಾಯಿತು. ಕಾಯಿಲೆ ಒಳಗೇ ಬೆಳೆಯುತ್ತಿತ್ತು, ನನಗೆ ಕೇಳಿಸುತ್ತಿದ್ದ ಸದ್ದು ಮಾತ್ರ ನಿಂತಿತ್ತು. ಆ ಸದ್ದಿದ್ದಿದ್ದರೆ ಬಹುಶಃ ಸೀಜ್ ಆಗುವ ಮುಂಚೆ ನಿಲ್ಲಿಸುತ್ತಿದ್ದೆ.

ಇನ್ನೊಂದು ಲೆಕ್ಕವೂ ನನಗೆ ಹೊಳೆಯಬೇಕಿತ್ತು. ಘಾಟಿ ಹತ್ತಿದಂತೆ ಗಾಳಿ ತೆಳುವಾಗುತ್ತದೆ. ಕಾರ್ಬೊರೇಟರ್ ಕೊಡುವ ಪೆಟ್ರೋಲ್ ಆ ಮಟ್ಟಿಗೆ ಕಮ್ಮಿಯಾಗುವುದಿಲ್ಲ. ಅಂದರೆ ಮೇಲೆ ಹೋದಷ್ಟೂ ಮಿಶ್ರಣ ಸ್ವಲ್ಪ ದಪ್ಪವಾಗಬೇಕು, ಹೊಗೆ ಜಾಸ್ತಿಯಾಗಬೇಕು. ನನ್ನ ಗಾಡಿ ಉಲ್ಟಾ ಮಾಡುತ್ತಿತ್ತು. ಬೆಟ್ಟದ ಮೇಲೆ ಒಣ ಒಣ. ಹಾಗಾದರೆ ಜೆಟ್ ದಾಟಿ ಬೇರೆ ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿದೆ ಅಂತ ತಾನೇ ಅರ್ಥ?

ಟು ಸ್ಟ್ರೋಕಿನಲ್ಲಿ ಗಾಳಿ ಹಿಡಿಯುವುದು ಯಾಕೆ ಇಷ್ಟು ದೊಡ್ಡ ವಿಷಯ

ಫೋರ್ ಸ್ಟ್ರೋಕಿನ ಕ್ರ್ಯಾಂಕ್ ಕೇಸ್, ಅಂದರೆ ಪಿಸ್ಟನ್ ಕೆಳಗಿನ ಕೋಣೆ, ಆಯಿಲ್ ನಿಲ್ಲುವ ಪಾತ್ರೆ. ಟು ಸ್ಟ್ರೋಕಿನಲ್ಲಿ ಅದು ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಖಾಲಿ ಜಾಗವಾಗಿ, ಕಾರ್ಬೊರೇಟರ್ ಕಡೆಯಿಂದ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಪಂಪಿನಲ್ಲಿ ಒಂದು ಸಣ್ಣ ತೂತಿದ್ದರೂ ಎಳೆಯುವಾಗ ಬರೀ ಗಾಳಿ ಒಳಗೆ. ಆ ಗಾಳಿ ಕಾರ್ಬೊರೇಟರ್ ಮುಖ ನೋಡಿರುವುದಿಲ್ಲ. ಅದರ ಜೊತೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ.

ಐಡ್ಲಿಂಗ್‌ನಲ್ಲಿ ಇಂಜಿನ್ ಉಸಿರಾಡುವುದೇ ಸ್ವಲ್ಪ. ಆಗ ಆ ತೂತಿನ ಗಾಳಿಯ ಪಾಲು ದೊಡ್ಡದು. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಪಾಲು ಚಿಕ್ಕದಾಗುತ್ತದೆ. ಹಾಗಾಗಿಯೇ ರೋಗ ಮೊದಲು ಐಡ್ಲಿಂಗ್‌ನಲ್ಲಿ ಕಾಣಿಸುತ್ತದೆ. ಇನ್ನು ರೇಸ್ ಮೇಲಿದ್ದಾಗ ಆಕ್ಸಿಲರೇಟರ್ ಗಬಕ್ಕನೆ ಮುಚ್ಚಿದರೆ ಕ್ರ್ಯಾಂಕ್ ಕೇಸಿನ ಎಳೆತ ಜೋರಾಗಿರುತ್ತದೆ, ಕಾರ್ಬೊರೇಟರ್ ಬಾಯಿ ಮುಚ್ಚಿರುತ್ತದೆ, ಆಯಿಲ್ ಪಂಪೂ ಕಮ್ಮಿ ಕೊಡುತ್ತಿರುತ್ತದೆ. ಅಷ್ಟೂ ಎಳೆತ ಆ ತೂತಿನ ಮೇಲೆ. ಏರು ಹತ್ತಿ ಕಾದು ಹಿಗ್ಗಿದ ಅಲ್ಯೂಮಿನಿಯಂ ಪಿಸ್ಟನ್, ಅದರ ಸುತ್ತ ಅದರಷ್ಟು ಹಿಗ್ಗದ ಕಬ್ಬಿಣದ ಕೊಳವೆ, ಅಂದರೆ ಲೈನರ್, ನಡುವೆ ಆಯಿಲ್ ಇಲ್ಲ. ಕೊಟ್ಟಿಗೆಹಾರದ ಹತ್ತಿರ ಆಗಿದ್ದು ಇದೇ.

ಬೇರೆ ಕಾಯಿಲೆಗಳನ್ನು ದೂರ ಮಾಡುವುದು

ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್) ಬಿಚ್ಚುವ ಮೊದಲು ಹತ್ತು ನಿಮಿಷದಲ್ಲಿ ಆಗುವ ಕೆಲಸಗಳಿವೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ರೇಸ್ ಏರಿದರೆ ಕೇಬಲ್ ಟೈಟ್. ಕಾರ್ಬೊರೇಟರಿನ ಸ್ಲೈಡ್ ಬಿಟ್ಟಾಗ ಟಕ್ ಅಂತ ಕೆಳಗೆ ಬಡಿಯಬೇಕು. ಟ್ಯಾಂಕಿನ ಮುಚ್ಚಳದ ಉಸಿರಿನ ತೂತು ಕಟ್ಟಿದ್ದರೆ ಹತ್ತು ಹದಿನೈದು ಕಿಲೋಮೀಟರ್ ಆದ ಮೇಲೆ ಪೆಟ್ರೋಲ್ ಸಣ್ಣಗಾಗುತ್ತದೆ. ಮುಚ್ಚಳ ತೆಗೆದಾಗ ಸುಯ್ ಅಂದರೆ ಅದೇ. ಟ್ಯಾಪಿನ ಜಾಲರಿ ಕಟ್ಟಿದ್ದರೂ ಹೀಗೇ ಆಗುತ್ತದೆ, ಆದರೆ ಆಗ ಗಾಡಿ ಸ್ಪೀಡಿನಲ್ಲಿ ಸೊರಗುತ್ತದೆ, ಐಡ್ಲಿಂಗ್ ತೇಲುವುದಿಲ್ಲ. ಕಾದ ಮೇಲೆ ಪೂರ್ತಿ ಆಫ್ ಆಗಿ, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆದರೆ ಕರೆಂಟಿನ ಕಡೆ ನೋಡಿ. ಪಾಯಿಂಟ್ ಇರುವ ಗಾಡಿಯಾದರೆ ಕಂಡೆನ್ಸರ್, ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಸಿಡಿಐ ಹಾಕಿದ್ದರೆ ಕಾಯಿಲ್.

ಪ್ಲಗ್ ಬಗ್ಗೆ ಒಂದು ಮಾತು. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು, ಅಂದರೆ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ. ಬಾಶ್‌ನಲ್ಲಿ ಈಗಿನ ನಂಬರುಗಳು ಪೂರ್ತಿ ಉಲ್ಟಾ: ನಂಬರ್ ದೊಡ್ಡದಾದರೆ ಬಿಸಿ ಪ್ಲಗ್. ಇದು ಗೊತ್ತಿಲ್ಲದೆ ಒಂದರ ಬದಲು ಇನ್ನೊಂದು ಹಾಕಿ ಪಿಸ್ಟನ್ ಕರಗಿಸಿಕೊಂಡವರನ್ನು ನೋಡಿದ್ದೇನೆ. ನನ್ನ ಪ್ಲಗ್ ಸರಿಯಾದದ್ದೇ ಇತ್ತು. ಆದರೆ ಬಿಳಿ, ಸುಣ್ಣ ಬಳಿದ ಹಾಗೆ. ಆರೋಗ್ಯವಾಗಿರುವ ಪ್ಲಗ್ ಹಾಲು ಕಮ್ಮಿ ಹಾಕಿದ ಕಾಫಿ ಬಣ್ಣದಲ್ಲಿರಬೇಕು.

ಸೀಜ್ ಆದಾಗ ಎಲ್ಲರ ಅನುಮಾನ ಆಯಿಲ್ ಪಂಪಿನ ಮೇಲೆ. ಅನುಮಾನ ತಪ್ಪಲ್ಲ. ಆಕ್ಸಿಲರೇಟರ್ ಕೇಬಲ್ ನಡುವೆ ಎರಡಾಗಿ ಒಡೆದು ಒಂದು ಕಾರ್ಬೊರೇಟರಿಗೆ, ಇನ್ನೊಂದು ಪಂಪಿಗೆ ಹೋಗುತ್ತದೆ. ಪಂಪಿನ ಗಾಲಿಯ ಗುರುತು ಮ್ಯಾನ್ಯುಯಲ್ ಹೇಳಿದ ಜಾಗದಲ್ಲಿ ಕೂರಬೇಕು. ಕೇಬಲ್ ಬದಲಾಯಿಸಿದವರು ಇದನ್ನು ಮರೆಯುವುದು ಮಾಮೂಲು. ಆಯಿಲ್ ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ ಪೈಪಿನಲ್ಲಿ ಗಾಳಿ ಗುಳ್ಳೆ ನಿಂತಿರುತ್ತದೆ. ಪಂಪಿನ ಸ್ಕ್ರೂ ಬಿಚ್ಚಿ, ಗುಳ್ಳೆ ಹೋಗಿ ಬರೀ ಆಯಿಲ್ ಬರುವವರೆಗೆ ಬಿಡಬೇಕು. ಅನುಮಾನ ಇರುವಷ್ಟು ದಿನ ಪೆಟ್ರೋಲಿಗೂ ಲೀಟರಿಗೆ 20 ಎಂಎಲ್ 2ಟಿ ಬೆರೆಸಿ ಓಡಿಸಿ. ಹೊಗೆ ಜಾಸ್ತಿ ಬರುತ್ತದೆ, ಬರಲಿ ಬಿಡಿ. ನನ್ನ ಪಂಪಿನ ಗುರುತು ಸರಿ ಇತ್ತು, ಪೈಪಿನಲ್ಲಿ ಗುಳ್ಳೆ ಇರಲಿಲ್ಲ.

ಹಾಗೆಯೇ ಏರ್ ಸ್ಕ್ರೂ. ಈ ಮಿಕುನಿ ಮಾದರಿಯ ಕಾರ್ಬೊರೇಟರಿನಲ್ಲಿ ಅದು ಗಾಳಿಯ ಸ್ಕ್ರೂ. ಹೊರಗೆ ಬಿಚ್ಚಿದರೆ ಮಿಶ್ರಣ ತೆಳು, ಒಳಗೆ ಹಾಕಿದರೆ ದಪ್ಪ. ಸಾಮಾನ್ಯವಾಗಿ ಒಂದೂವರೆ ಸುತ್ತಿನ ಆಸುಪಾಸು. ಪೂರ್ತಿ ಒಳಗೆ ಹಾಕಿದರೂ ಐಡ್ಲಿಂಗ್ ಇಳಿಯದಿದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ. ಅಲ್ಲಿಗೆ ಕಾರ್ಬೊರೇಟರ್ ಕೆಲಸ ಮುಗಿಯಿತು.

ಅರ್ಧ ಸಿಕ್ಕ ಕಳ್ಳ

ಐಡ್ಲಿಂಗ್‌ನಲ್ಲಿ ಬಿಟ್ಟು, ಕಾರ್ಬೊರೇಟರ್ ಮತ್ತು ಬ್ಲಾಕ್ ನಡುವಿನ ರಬ್ಬರಿನ ಸುತ್ತ ಡಬ್ಲ್ಯೂಡಿ-40 ಸ್ಪ್ರೇ ಸ್ವಲ್ಪ ಚಿಮುಕಿಸಿದೆ. ರೇಸ್ ತಟ್ಟನೆ ಕುಸಿಯಿತು. ಸಿಕ್ಕಿಬಿತ್ತು! (ಇದನ್ನು ಮಾಡುವಾಗ ಸೈಲೆನ್ಸರ್ ಕಡೆ ಹಾರಿಸಬೇಡಿ, ಬೆಂಕಿ ಹತ್ತುತ್ತದೆ. ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟುಕೊಳ್ಳಿ.) ರಬ್ಬರ್ ಬಿಚ್ಚಿ ಬಾಗಿಸಿದರೆ ಒಳಗಡೆ ಬಿರುಕು. ಹಾಗೇ ನೋಡಿದರೆ ಕಾಣುವುದಿಲ್ಲ, ಬಾಗಿಸಿದರೆ ಮಾತ್ರ ಬಾಯಿ ಬಿಡುತ್ತದೆ. ಹೊಸದು ಹಾಕಿದೆ.

ಗಾಡಿ ಅರ್ಧ ಸರಿಯಾಯಿತು. ಅರ್ಧ ಅಂದರೆ, ಮೊದಲು ಐದು ನಿಮಿಷಕ್ಕೆ ಬರುತ್ತಿದ್ದ ರೋಗ ಈಗ ಇಪ್ಪತ್ತು ನಿಮಿಷಕ್ಕೆ ಬರುತ್ತಿತ್ತು. ಇಲ್ಲಿಗೆ ಬಿಟ್ಟುಬಿಡುವವರೇ ಜಾಸ್ತಿ. ಒಂದು ತೂತು ಸಿಕ್ಕಿದರೆ ಅದೊಂದೇ ಅಂತ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಮೂವತ್ತು ವರ್ಷದ ರಬ್ಬರಿನಲ್ಲಿ ಒಂದು ಬಿರಿದಿದ್ದರೆ ಅದರ ಅಣ್ಣತಮ್ಮಂದಿರೂ ಅದೇ ವಯಸ್ಸಿನವರು ಅಲ್ವಾ? ಈಗಿನ ಪೆಟ್ರೋಲಿನಲ್ಲಿ ಇಪ್ಪತ್ತು ಪರ್ಸೆಂಟಿನವರೆಗೆ ಎಥನಾಲ್ ಬೇರೆ. ಹಳೆಯ ಗಾಡಿಗಳ ರಬ್ಬರ್ ಅದನ್ನು ನೆನೆಸಿ ಮಾಡಿದ್ದಲ್ಲ. ಎಥನಾಲ್ ಸುಡಲು ಪೆಟ್ರೋಲಿನಷ್ಟು ಗಾಳಿ ಬೇಡ, ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ತಾನಾಗಿ ಸ್ವಲ್ಪ ತೆಳುವಾಗುತ್ತದೆ. ಸುಮ್ನೆ ಒಂದು ತೂತಿನ ಮೇಲೆ ತಪ್ಪು ಹೊರಿಸಿದರೆ ಆಗುವುದಿಲ್ಲ.

ಅಮ್ಮನ ಬಿಪಿ ಮೆಷಿನ್

ಈಗ ಸರಿಯಾದ ಪರೀಕ್ಷೆ. ಇಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಳಗೆ ಸ್ವಲ್ಪ ಗಾಳಿ ತುಂಬಿ, ಹಿಡಿದುಕೊಳ್ಳುತ್ತದೋ ಇಲ್ಲವೋ ನೋಡುವುದು. ಟೈರಿನ ಪಂಚರ್ ನೋಡುವ ಹಾಗೆಯೇ. ಆದರೆ ಇಲ್ಲಿ ಒತ್ತಡ ಬಹಳ ಕಮ್ಮಿ ಇರಬೇಕು, ಐದಾರು ಪಿಎಸ್‌ಐ ಅಷ್ಟೇ. ಪಂಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಗಾಳಿ ತಡೆಯುವ ರಬ್ಬರ್ ಸೀಲು ಚೆನ್ನಾಗಿದ್ದರೂ ಕಿತ್ತು ಹೊರಗೆ ಬರುತ್ತದೆ. ಟೈರಿನ ಮೀಟರಿನಲ್ಲಿ ಐದು ಪಿಎಸ್‌ಐ ಸರಿಯಾಗಿ ಕಾಣುವುದೂ ಇಲ್ಲ.

ಮನೆಯಲ್ಲಿ ಅಮ್ಮನ ಹಳೆಯ ಬಿಪಿ ಮೆಷಿನ್ ಇತ್ತು. ಕೈಯಲ್ಲಿ ಹಿಸುಕುವ ಬಲ್ಬು, ಗಡಿಯಾರದ ಹಾಗಿರುವ ಮೀಟರು. ಆ ಮೀಟರಿನಲ್ಲಿ 300 ಅಂದರೆ 5.8 ಪಿಎಸ್‌ಐ. ನಮಗೆ ಬೇಕಾದದ್ದೇ. ಕೈಗೆ ಸುತ್ತುವ ಬಟ್ಟೆಯಿಂದ ಪೈಪ್ ಬಿಡಿಸಿಕೊಂಡರೆ ಪಂಪು, ಮೀಟರು, ಗಾಳಿ ಬಿಡುವ ಸ್ಕ್ರೂ ಎಲ್ಲ ರೆಡಿ.

ಸೈಲೆನ್ಸರ್ ಬಿಚ್ಚಿ, ಆ ಬಾಯಿಗೆ ಲಾರಿ ಟ್ಯೂಬಿನ ತುಂಡನ್ನು ಎರಡು ಮಡಿಕೆ ಮಾಡಿ ಇಟ್ಟು, ಮೇಲೆ ದಪ್ಪ ತಗಡು ಕೊಟ್ಟು ಬಿಗಿದೆ. ಕಾರ್ಬೊರೇಟರ್ ತೆಗೆದು, ಅದು ಕೂರುತ್ತಿದ್ದ ರಬ್ಬರಿಗೆ ಮರದ ಬಿರಡೆ ಕೊಟ್ಟು ಕ್ಲಾಂಪ್ ಹಾಕಿದೆ. ಬಿರಡೆಯ ನಡುವೆ ತೂತು ಕೊರೆದು ಹಳೆಯ ಟ್ಯೂಬಿನ ವಾಲ್ವ್ ಕೂರಿಸಿ, ಒಳಗಿನ ಪಿನ್ ತೆಗೆದಿದ್ದೆ. ಆ ವಾಲ್ವಿಗೆ ಬಿಪಿ ಮೆಷಿನ್ನಿನ ಪೈಪು. ಆಯಿಲ್ ಪಂಪಿನ ಪೈಪ್ ಇಂಜಿನ್ ಕಡೆ ಬಂದು ಸೇರುತ್ತಿದ್ದರೆ ಆ ತೂತನ್ನೂ ಮುಚ್ಚಬೇಕು. ಇಲ್ಲದಿದ್ದರೆ ಇಲ್ಲದ ರೋಗ ಹುಡುಕುತ್ತಾ ಕೂರುತ್ತೀರಿ.

ಗಾಳಿಯನ್ನು ಕಾರ್ಬೊರೇಟರ್ ಕಡೆಯಿಂದಲೇ ತುಂಬಬೇಕು. ರೀಡ್ ವಾಲ್ವ್ ಒಳಮುಖಕ್ಕೆ ಮಾತ್ರ ತೆರೆಯುವ ಬಾಗಿಲು. ಪ್ಲಗ್ಗಿನ ತೂತಿನಿಂದ ತುಂಬಿದರೆ ಬಾಗಿಲು ಮುಚ್ಚಿಕೊಂಡು, ಅದರ ಆಚೆ ಇರುವ ರಬ್ಬರಿನ ಪರೀಕ್ಷೆಯೇ ಆಗುವುದಿಲ್ಲ. ಪಿಸ್ಟನ್ನನ್ನು ಪೂರ್ತಿ ಕೆಳಗಿಡಿ. ಆಗ ಕೆಳಗಿನ ಕೋಣೆ, ಮೇಲಿನ ಕೋಣೆ, ಸೈಲೆನ್ಸರ್ ಬಾಯಿ ಎಲ್ಲ ಒಂದೇ ಆಗುತ್ತದೆ. ಯೆಜ್ಡಿಯವರು ಗಮನಿಸಿ: ನಿಮ್ಮದರಲ್ಲಿ ರೀಡ್ ವಾಲ್ವ್ ಇಲ್ಲ, ಕಾರ್ಬೊರೇಟರ್ ಕಡೆಯ ಬಾಯನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹಾಗಾಗಿ ಪ್ಲಗ್ಗಿನ ತೂತಿನಿಂದಲೇ ತುಂಬಿ. ಸೈಲೆನ್ಸರ್ ಬಾಯಿ ಎರಡಿವೆ, ಎರಡನ್ನೂ ಮುಚ್ಚಿ.

ಹಿಸುಕಿ 250ಕ್ಕೆ ತಂದೆ. ಮುಳ್ಳು ನಿಲ್ಲಲೇ ಇಲ್ಲ. ಕಣ್ಣೆದುರೇ ಸರಸರ ಇಳಿದು, ಇಪ್ಪತ್ತು ಸೆಕೆಂಡಿನೊಳಗೆ ಸೊನ್ನೆ. ಒಳ್ಳೆಯ ಇಂಜಿನ್ ಆರು ನಿಮಿಷ ಹಿಡಿದುಕೊಳ್ಳಬೇಕು. ನಿಮಿಷಕ್ಕೆ ಒಂದು ಪಿಎಸ್‌ಐ, ಅಂದರೆ ಈ ಮೀಟರಿನಲ್ಲಿ ಐವತ್ತರಷ್ಟು ಇಳಿದರೂ ಅದು ಕೊನೆಯ ಮಿತಿ ಅನ್ನುತ್ತಾರೆ. ನನ್ನ ಕೇಳಿದರೆ ಅದೂ ಜಾಸ್ತಿ.

ಪಾತ್ರೆ ತೊಳೆಯುವ ಸೋಪಿನ ನೀರು, ಪೇಂಟ್ ಹಚ್ಚುವ ಬ್ರಷ್. ಮೊದಲು ನಾನೇ ಕಟ್ಟಿದ ಬಿರಡೆಗಳಿಗೆ ಹಚ್ಚಿದೆ. ತೂತು ಅಲ್ಲೇ ಇರುವುದು ಮಾಮೂಲು. ಒಂದು ಕಡೆ ಗುಳ್ಳೆ ಬಂತು, ಬಿಗಿದೆ. ಆಮೇಲೆ ಹೆಡ್ಡಿನ ಸುತ್ತ, ಬ್ಲಾಕಿನ ಬುಡದ ಸುತ್ತ, ಪ್ಲಗ್ ವಾಷರಿಗೆ, ರೀಡ್ ವಾಲ್ವ್ ಪ್ಯಾಕಿಂಗಿಗೆ, ಹೊಸ ರಬ್ಬರಿಗೆ. ಎಲ್ಲೂ ಇಲ್ಲ. ಎಡಗಡೆಯ ಮ್ಯಾಗ್ನೆಟ್ (ಕರೆಂಟು ಹುಟ್ಟಿಸುವ ಚಕ್ರ) ಕವರ್ ಬಿಚ್ಚಿ, ಮ್ಯಾಗ್ನೆಟ್ಟಿನ ಕಿಂಡಿಯಲ್ಲಿ ಬ್ರಷ್ ತೂರಿಸಿ ಸೋಪು ಬಿಟ್ಟೆ. ಬಲ್ಬ್ ಹಿಸುಕಿದೆ. ಹಿಂದಿನಿಂದ ಬೊಳ ಬೊಳ ಅಂತ ನೊರೆ ಉಕ್ಕಿ ಬಂತು, ಒಲೆಯ ಮೇಲಿನ ಹಾಲಿನ ಹಾಗೆ.

ಎಡದ ಸೀಲು, ಬಲದ ಸೀಲು

ಕ್ರ್ಯಾಂಕಿನ ಎರಡು ತುದಿಗೂ ಒಂದೊಂದು ಆಯಿಲ್ ಸೀಲ್ ಇದೆ. ಎರಡೂ ಹಾಳಾಗುತ್ತವೆ, ಆದರೆ ಲಕ್ಷಣ ಒಂದೇ ಅಲ್ಲ. ಎಡಗಡೆ, ಮ್ಯಾಗ್ನೆಟ್ ಕಡೆಯದು ಹೊರಗಿನ ಗಾಳಿಗೆ ತೆರೆದಿದೆ. ಅದು ಹೋದರೆ ಗಾಳಿ ಹಿಡಿಯುತ್ತದೆ: ರೇಸ್ ತೇಲುವುದು, ಬಿಳಿ ಪ್ಲಗ್, ಸೀಜ್. ಬಲಗಡೆ, ಕ್ಲಚ್ ಕಡೆಯದರ ಆಚೆ ಗೇರ್ ಆಯಿಲ್ ಇದೆ. ಅದು ಹೋದರೆ ಇಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತದೆ: ನಿಲ್ಲದ ಬಿಳಿ ಹೊಗೆ, ಒದ್ದೆ ಕಪ್ಪು ಪ್ಲಗ್, ಯಾವ ಸೋರಿಕೆಯೂ ಇಲ್ಲದೆ ಕಮ್ಮಿಯಾಗುತ್ತಾ ಹೋಗುವ ಗೇರ್ ಆಯಿಲ್. ಬಲದ ಸೀಲ್ ಹೋಗಿದೆಯಾ ಅಂತ ನೋಡಲು ಗಾಳಿ ತುಂಬಿದಾಗ ಗೇರ್ ಆಯಿಲ್ ಹಾಕುವ ತೂತಿಗೆ ಕಿವಿ ಕೊಡಿ, ಅಥವಾ ಅಲ್ಲಿ ಸೋಪಿನ ಪೊರೆ ಕಟ್ಟಿ. ಪೊರೆ ಉಬ್ಬಿದರೆ ಹೋಗಿದೆ. ನನ್ನದು ಉಬ್ಬಲಿಲ್ಲ. ಆದರೂ ಎರಡೂ ಬದಲಾಯಿಸಿದೆ. ಕ್ಲಚ್ ಬಿಚ್ಚುವ ಕೆಲಸ ಜಾಸ್ತಿಯಾಯಿತು ನಿಜ, ಆದರೆ ಮಳೆಗಾಲ ಎದುರಿಗಿತ್ತು.

ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬೇಕೇ ಬೇಕು. ಸುತ್ತಿಗೆ, ಸ್ಕ್ರೂಡ್ರೈವರ್ ಹಾಕಿ ಎಬ್ಬುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಕ್ರ್ಯಾಂಕ್ ಒತ್ತಿ ಜೋಡಿಸಿದ ವಸ್ತು, ತುದಿಗೆ ಹೊಡೆದರೆ ಒಳಗೆ ಸೊಟ್ಟಗಾಗುತ್ತದೆ. ಮ್ಯಾಗ್ನೆಟ್ ಬಂದ ಮೇಲೆ ಒಳಗಿನ ಅರ್ಧಚಂದ್ರದ ಕೀ ಎಲ್ಲಿ ಬಿತ್ತು ಅಂತ ನೋಡಿ ಎತ್ತಿಡಿ. ಕಾಯಿಲ್ ಪ್ಲೇಟ್ ಬಿಚ್ಚುವ ಮೊದಲು ಪ್ಲೇಟಿಗೂ ಕೇಸಿಗೂ ಸೇರಿ ಮೊಳೆಯಿಂದ ಒಂದು ಗೀರು ಹಾಕಿ, ಅದರ ಮೇಲೆ ಉಗುರುಬಣ್ಣ. ಟೈಮಿಂಗ್ ಹೋಗಬಾರದು.

ಪ್ಲೇಟ್ ತೆಗೆದರೆ ಕಾಣಿಸಿತು. ಸೀಲಿನ ಸುತ್ತ ಕೆಂಪು ಕೆಸರು ಗಟ್ಟಿಯಾಗಿ, ಹಂಚಿನ ಚೂರಿನ ಹಾಗೆ ಎದ್ದು ಬಂತು. ಸೀಲಿನ ತುಟಿ ಉಗುರಿನಲ್ಲಿ ಒತ್ತಿದರೆ ಬಾಗಲಿಲ್ಲ, ಕಟ್ ಅಂತ ಮುರಿಯಿತು. ಹಳ್ಳ ದಾಟುವಾಗ ನೀರು ಮ್ಯಾಗ್ನೆಟ್ ಕವರಿನೊಳಗೆ ಹೋಗುತ್ತಿತ್ತು. ವೈರ್ ಹೊರಗೆ ಬರುವ ಜಾಗದ ರಬ್ಬರ್ ಬಿದ್ದುಹೋಗಿ ಎಷ್ಟು ಕಾಲವಾಗಿತ್ತೋ. ನೀರು ಒಣಗುತ್ತದೆ, ಅದರ ಜೊತೆ ಬಂದ ಮಣ್ಣು ಅಲ್ಲೇ ಕೂತು ಸೀಲನ್ನು ತೇಯುತ್ತದೆ.

ಹಳೆಯ ಸೀಲ್ ತೆಗೆಯಲು ಅದರ ಮುಖಕ್ಕೆ ಸಣ್ಣ ಸ್ಕ್ರೂ ಎರಡು ತಿರುಗಿಸಿ, ಕಟಿಂಗ್ ಪ್ಲೇಯರಿನಲ್ಲಿ ಒಂದಾದ ಮೇಲೊಂದು ಎಳೆದೆ. ಸ್ಕ್ರೂ ಆಳಕ್ಕೆ ಹೋದರೆ ಹಿಂದಿನ ಬೇರಿಂಗಿಗೆ ತಾಗುತ್ತದೆ, ಶಾಫ್ಟಿಗೆ ಗೀರಿದರೆ ಹೊಸ ಸೀಲೂ ನಿಲ್ಲುವುದಿಲ್ಲ. ಶಾಫ್ಟಿನ ಮೇಲೆ ಉಗುರು ಆಡಿಸಿ ನೋಡಿದೆ. ಹಳೆಯ ತುಟಿ ಕೂತ ಜಾಗದಲ್ಲಿ ಹೊಳಪಿತ್ತು, ಕಾಲುವೆ ಇರಲಿಲ್ಲ. ಕಾಲುವೆ ಇದ್ದಿದ್ದರೆ ಸೀಲನ್ನು ಒಂದು ಮಿ.ಮೀ. ಆಚೀಚೆ ಕೂರಿಸಬೇಕಿತ್ತು.

ಹೊಸದನ್ನು ಹಾಕುವ ಮುಂಚೆ ಇನ್ನೊಂದು ಪರೀಕ್ಷೆ, ಇದನ್ನು ಬಿಟ್ಟರೆ ಎಲ್ಲ ದಂಡ. ಕ್ರ್ಯಾಂಕಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ ಟಕ ಅಂದರೆ ಬೇರಿಂಗ್ ಹೋಗಿದೆ. ಕುಣಿಯುವ ಶಾಫ್ಟಿನ ಮೇಲೆ ಯಾವ ಸೀಲೂ ಬಾಳುವುದಿಲ್ಲ. ಆಗ ಇಂಜಿನ್ ಎರಡು ಹೋಳು ಮಾಡಲೇಬೇಕು. ನನ್ನದು ಅಲ್ಲಾಡಲಿಲ್ಲ, ದೇವರು ದೊಡ್ಡವನು.

ಸೀಲಿನ ಸ್ಪ್ರಿಂಗ್ ಕಾಣುವ ಮುಖ ಇಂಜಿನ್ ಒಳಗಡೆಗೆ. ತುಟಿಗೆ 2ಟಿ ಆಯಿಲ್ ಸವರಿ, ಸರಿಯಾದ ಅಳತೆಯ ಸಾಕೆಟ್ ಇಟ್ಟು ಮೆಲ್ಲಗೆ ಬಡಿದು, ಹಳೆಯದು ಇದ್ದ ಆಳಕ್ಕೇ ಕೂರಿಸಿದೆ. ಮೊದಲು ತಂದ ಸೀಲ್ ಲೂಸಾಗಿತ್ತು, ಬೆರಳಿನಲ್ಲೇ ಒಳಗೆ ಹೋಯಿತು. ವಾಪಸ್ ಕೊಟ್ಟು ಬೇರೆ ಕಂಪನಿಯದ್ದು ತಂದೆ. ಬೆರಳಿನಲ್ಲೇ ಕೂರುವಷ್ಟು ಲೂಸಾದ ಸೀಲ್ ಹಾಕಬೇಡಿ.

ಮೇಲಿನ ಭಾಗ

ಸೀಜ್ ಆದ ಮೇಲೆ ಬ್ಲಾಕ್ ಎತ್ತದೆ ಬಿಡಬಾರದು. ಪಿಸ್ಟನ್ ಮೇಲಿನ ಗೀರು ಎಲ್ಲಿದೆ ಅನ್ನುವುದು ಕಥೆ ಹೇಳುತ್ತದೆ. ಸುತ್ತಲೂ ಒಂದೇ ಸಮ ಗೀರಿದ್ದರೆ ಆಯಿಲ್ ಒಳಗೆ ಬಂದೇ ಇಲ್ಲ. ನಾಲ್ಕು ಮೂಲೆಯಲ್ಲಿ ಇದ್ದರೆ ಪಿಸ್ಟನ್ ಬೇಗ ಹಿಗ್ಗಿದೆ, ತಣ್ಣನೆಯ ಇಂಜಿನ್ನನ್ನು ಎಳೆಸಿದ್ದೀರಿ, ಇಲ್ಲವೇ ಬೋರ್ ಟೈಟ್ ಮಾಡಿದ್ದಾರೆ. ಸೈಲೆನ್ಸರ್ ಕಡೆ ಮಾತ್ರ ಇದ್ದರೆ ಬಿಸಿ ಮತ್ತು ತೆಳು ಮಿಶ್ರಣ. ನನ್ನದು ಈ ಮೂರನೆಯದು, ಬೆರಳಗಲದ ಒಂದು ಪಟ್ಟಿ.

ಲೈನರಿನ ಮೇಲೆ ಪಿಸ್ಟನ್ನಿನ ಅಲ್ಯೂಮಿನಿಯಂ ಬಳಿದುಕೊಂಡಿತ್ತು. 400 ನಂಬರಿನ ನೀರುಕಾಗದಕ್ಕೆ ಆಯಿಲ್ ಹಾಕಿ, ಅಡ್ಡಡ್ಡವಾಗಿ ಉಜ್ಜಿದೆ. ಮೇಲೆ ಕೆಳಗೆ ಉಜ್ಜಬಾರದು. ಬಿಳಿ ಕಲೆ ಹೋಗಿ ಕೆಳಗೆ ಬೋರ್ ಚೆನ್ನಾಗಿತ್ತು. ಲೇತ್ ಅಂಗಡಿಯಲ್ಲಿ ಅಳತೆ ಹಿಡಿಸಿದೆ, ಮಿತಿಯೊಳಗಿತ್ತು. ಗೀರು ಉಗುರಿಗೆ ಸಿಗುವಷ್ಟು ಆಳವಿದ್ದರೆ ಮಾತ್ರ ರೀಬೋರ್, ಅಂದರೆ ಬೋರನ್ನು ಕೊರೆದು ಅಗಲ ಮಾಡಿಸುವುದು. ಮೊದಲ ಸೈಜ್ 0.25 ಮಿ.ಮೀ. ಜಾಸ್ತಿ. ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಬೋರ್ ಮಾಡಲು ಕೊಡಿ, ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಬೇಡಿ. ನಾನು ಪಿಸ್ಟನ್ನಿನ ಗೀರನ್ನು ನೀರುಕಾಗದದಲ್ಲೇ ಇಳಿಸಿ, ರಿಂಗ್ ಎರಡನ್ನೂ ಹೊಸದು ಹಾಕಿದೆ. ಬ್ಲಾಕನ್ನು ಪೆಟ್ರೋಲಿನಲ್ಲಿ ತೊಳೆದರೆ ಸಾಲದು, ಉಜ್ಜಿದ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಬಿಸಿನೀರು, ಸೋಪು, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಇರಬೇಕು. ಒಣಗಿದ ಕೂಡಲೇ 2ಟಿ ಸವರಿ, ಹತ್ತು ನಿಮಿಷ ಬಿಟ್ಟರೂ ತುಕ್ಕು ಹಿಡಿಯುತ್ತದೆ.

ಮತ್ತೆ ಗಾಳಿ ತುಂಬಿದ್ದು

ಜೋಡಿಸಿ, ಕಾರ್ಬೊರೇಟರ್ ಹಾಕುವ ಮೊದಲೇ ಮತ್ತೆ ಬಿಪಿ ಮೆಷಿನ್. 250ಕ್ಕೆ ತಂದು ಗಡಿಯಾರ ನೋಡುತ್ತಾ ಕೂತೆ. ಆರು ನಿಮಿಷಕ್ಕೆ 235. ಸೋಪು ಹಚ್ಚಿದರೆ ನನ್ನ ಮರದ ಬಿರಡೆಯಲ್ಲೇ ಸಾಸಿವೆ ಕಾಳಿನಷ್ಟು ಗುಳ್ಳೆ. ಇಂಜಿನ್ನಿನಲ್ಲಿ ಎಲ್ಲೂ ಇಲ್ಲ.

ಒಂದು ಕೊರತೆ ಈ ಪರೀಕ್ಷೆಯಲ್ಲಿದೆ. ಒಳಗಿನಿಂದ ಗಾಳಿ ಒತ್ತಿದರೆ ಸೀಲಿನ ತುಟಿ ಶಾಫ್ಟಿಗೆ ಇನ್ನೂ ಗಟ್ಟಿ ಅಂಟುತ್ತದೆ. ಗಾಳಿ ಎಳೆದಾಗ ತುಟಿ ಎದ್ದು ಸೋರುವ ಸೀಲೂ ಇರುತ್ತದೆ. ಬ್ರೇಕ್ ಬ್ಲೀಡ್ ಮಾಡುವ ವ್ಯಾಕ್ಯೂಮ್ ಪಂಪ್ ಯಾರ ಹತ್ತಿರವಾದರೂ ಇದ್ದರೆ ಎಳೆದೂ ನೋಡಿ. ಒತ್ತಿದಾಗ ಪಾಸಾಗಿ ಎಳೆದಾಗ ಫೇಲಾದರೆ ಸೀಲ್ ಬದಲಾಯಿಸಿ, ಯೋಚನೆ ಬೇಡ.

ಮೇನ್ ಜೆಟ್ ಕಂಪನಿ ಸೈಜಿಗೆ ವಾಪಸ್ ತಂದೆ. ಏರ್ ಸ್ಕ್ರೂ ಒಂದೂವರೆ ಸುತ್ತು. ವೈರಿನ ತೂತಿಗೆ ಹೊಸ ರಬ್ಬರ್ ಹಾಕಿ ಸುತ್ತ ಸಿಲಿಕಾನ್, ಮ್ಯಾಗ್ನೆಟ್ ಕವರಿಗೆ ಹೊಸ ಪ್ಯಾಕಿಂಗ್. ಇಂಜಿನ್ ಒಮ್ಮೆ ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟುಗಳನ್ನು ಎದುರು ಬದುರಾಗಿ ಮತ್ತೆ ಬಿಗಿದೆ. ಮೊದಲ 300 ಕಿಲೋಮೀಟರ್ ಅರ್ಧ ಆಕ್ಸಿಲರೇಟರ್ ದಾಟಲಿಲ್ಲ.

ಆಮೇಲೆ ಹೊಸ ಪ್ಲಗ್ ಹಾಕಿ ಚಾರ್ಮಾಡಿ. ಮೇಲಿನ ತಿರುವುಗಳ ಹತ್ತಿರ, ಪೂರ್ತಿ ಆಕ್ಸಿಲರೇಟರಿನಲ್ಲಿ ಎಳೆಯುವಾಗಲೇ ಕೀ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿದೆ. ಐಡ್ಲಿಂಗ್‌ಗೆ ಬಿಟ್ಟು ಆಫ್ ಮಾಡಿದರೆ ಪ್ಲಗ್ ಐಡ್ಲಿಂಗಿನ ಬಣ್ಣ ತೋರಿಸುತ್ತದೆ. ಬಿಚ್ಚಿ ಬಿಸಿಲಿಗೆ ಹಿಡಿದೆ. ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಬಳೆ. ಮತ್ತೆ ಸ್ಟಾರ್ಟ್ ಮಾಡಿ, ಕೊಟ್ಟಿಗೆಹಾರದ ಅದೇ ಜಾಗದಲ್ಲಿ ಆಕ್ಸಿಲರೇಟರ್ ಬಿಟ್ಟೆ. ಎರಡು ಬೆರಳು ಕ್ಲಚ್ ಮೇಲೇ ಇದ್ದವು. ರೇಸ್ ಕಲ್ಲಿನ ಹಾಗೆ ಕೆಳಗೆ ಬಿತ್ತು. ಟಿಂಗ್ ಟಿಂಗ್ ಟಿಂಗ್.

ಬಿಪಿ ಮೆಷಿನ್ನಿನ ಪೈಪಿಗೆ 2ಟಿ ವಾಸನೆ ಹತ್ತಿಬಿಟ್ಟಿದೆ, ಎಷ್ಟು ತೊಳೆದರೂ ಹೋಗುತ್ತಿಲ್ಲ. ಅಮ್ಮನಿಗೆ ಡಿಜಿಟಲ್ ಒಂದು ತಂದುಕೊಟ್ಟೆ.